ಅದು ಮೋರಿಯಲ್ಲ, ಹೊಳೆ

ಎಂಟನೇ ತರಗತಿಗೆ ಜಲಚಕ್ರದ ಪಾಠ ಮಾಡುತ್ತಿದ್ದೆ. ನದಿಗಳ ಹೆಸರು ಹೇಳಿ ಎಂದೊಡನೆ ಮಕ್ಕಳು ನೈಲ್, ಅಮೆಜಾನ್, ಗಂಗೆ ಎಂದು ಪಟಪಟನೆ ಹೇಳಿದರು. ಕಡೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮ ಬೆಂಗಳೂರಿನ ನದಿ ಯಾವುದು?" ಎಂದ. "ಬೆಂಗಳೂರಿಗೆ ನದಿ ಇಲ್ಲಪ್ಪ, ಅದಕ್ಕೇ ನಮ್ಮ ಹಿರಿಯರು ಕೆರೆ ಕಟ್ಟಿದರು" ಎಂದು ಹೇಳಿ ಪಾಠ ಮುಂದುವರಿಸಿದೆ.

ಇಪ್ಪತ್ತೈದು ವರ್ಷಕ್ಕೂ ಮೇಲೆ ಇದೇ ಊರಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರ ಉತ್ತರ ಇದು. ಉತ್ತರ ತಪ್ಪು. ಯಾಕೋ ಅನುಮಾನವಾಗಿ ಆ ರಾತ್ರಿ ಭೂಪಟ ಹರಡಿಕೊಂಡು ಕೂತೆ. ಮೈಸೂರು ರಸ್ತೆಯ ಪಕ್ಕದಲ್ಲಿ ನಾನು ದಿನವೂ ಮೂಗು ಮುಚ್ಚಿಕೊಂಡು ದಾಟುವ 'ದೊಡ್ಡ ಮೋರಿ'ಗೆ ಅಲ್ಲಿ ಒಂದು ಹೆಸರಿತ್ತು: ವೃಷಭಾವತಿ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ಏಣಿನ ಮೇಲೆ ಕೂತಿರುವ ಊರು. ಹೆಂಚಿನ ಮನೆಯ ಮಾಡನ್ನು ನೆನಪು ಮಾಡಿಕೊಳ್ಳಿ. ಈ ಇಳಿಜಾರಿಗೆ ಬಿದ್ದ ಮಳೆ ವೃಷಭಾವತಿಯಾಗಿ ಪಶ್ಚಿಮಕ್ಕೆ ಇಳಿದು, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಆ ಇಳಿಜಾರಿಗೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ನಿಮ್ಮ ತಾರಸಿಯ ನೀರು ಯಾವ ಕಡೆಯದು? ಮಕ್ಕಳು ಅಪ್ಪ ಅಮ್ಮನನ್ನು ಕೇಳಿ ನೋಡಿ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು, ಎರಡು ಭಾನುವಾರ ಊರು ಸುತ್ತೋಣ ಎಂದೆ. ಹದಿನಾಲ್ಕು ಮಕ್ಕಳು ಬಂದರು, ನಾಲ್ವರು ಪೋಷಕರೂ ಬಂದರು. ಅವರಲ್ಲೊಬ್ಬರು, "ಇದರಿಂದ ಟ್ಯೂಷನ್ ತಪ್ಪುತ್ತದಲ್ಲ ಸಾರ್" ಎಂದು ದಾರಿಯುದ್ದಕ್ಕೂ ಗೊಣಗಿದರು. ಆದರೆ ಬಳೇಪೇಟೆಗೆ ಬಂದ ಕೂಡಲೇ ತಮ್ಮ ಅಜ್ಜಿಯ ಜೊತೆ ಅಲ್ಲಿಗೆ ಬರುತ್ತಿದ್ದ ಕಥೆ ತೆಗೆದರು. ಮತ್ತೆ ನಿಲ್ಲಿಸಲಿಲ್ಲ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುವ ಊರು ಈ ಪೇಟೆಯೇ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಹೀಗೆ ಹೆಸರು ಕೇಳಿದರೆ ಸಾಕು, ಅಲ್ಲಿ ಏನು ಮಾರುತ್ತಿದ್ದರು, ಯಾರು ಬಾಳುತ್ತಿದ್ದರು ಎಂದು ತಿಳಿಯುತ್ತದೆ. ಇಷ್ಟು ಜನಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ಅಲ್ಲಿಂದ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ನಡೆದು, "ನಾವೀಗ ಕೆರೆಯೊಳಗೆ ನಿಂತಿದ್ದೇವೆ" ಎಂದಾಗ ಮಕ್ಕಳು ಕಾಲ ಕೆಳಗೆ ನೋಡಿಕೊಂಡರು. ಅದು ಧರ್ಮಾಂಬುಧಿ ಕೆರೆಯ ಅಂಗಳ. ಸಂಪಂಗಿ ಕೆರೆ ಇದ್ದ ಕಡೆ ಈಗ ಕಂಠೀರವ ಕ್ರೀಡಾಂಗಣವಿದೆ. ಆದರೆ ಅದರ ಪಕ್ಕದಲ್ಲಿ ಒಂದು ಪುಟ್ಟ ಕೊಳ ಉಳಿದುಕೊಂಡಿದೆ, ಯಾಕೆ ಗೊತ್ತೆ? ಕರಗದ ವಿಧಿಗಳಿಗೆ ಅದು ಬೇಕು. ಕರಗ ನಡೆಸುವ ತಿಗಳ ಸಮುದಾಯದವರು ಕೆರೆ ನೀರು ನಂಬಿ ತೋಟ ಮಾಡಿದವರು. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಕೆರೆ ಹೋದರೂ ಹಬ್ಬ ಅದರ ಗುರುತು ಹಿಡಿದುಕೊಂಡಿದೆ.

ಎರಡನೇ ಭಾನುವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡ್ಡದಿಂದ ಹೊರಟೆವು. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವ ಜಾಗ ಇದೇ. ವೃಷಭಾವತಿ ಹುಟ್ಟುವುದು ಬಸವಣ್ಣನ ಪಾದದ ಬಳಿ ಎಂಬುದು ನಂಬಿಕೆ. ಹೆಸರಿನಲ್ಲೇ ವೃಷಭ ಇದೆಯಲ್ಲ.

ಅಲ್ಲಿಂದ ಗವಿಪುರಕ್ಕೆ ಇಳಿದೆವು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿ ಗಂಗಾಧರೇಶ್ವರನ ಲಿಂಗವನ್ನು ಮುಟ್ಟುವುದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದರು. ನಾನು ಒಂದು ಲೆಕ್ಕ ಕೊಟ್ಟೆ. ಸೂರ್ಯ ದಕ್ಷಿಣಕ್ಕೆ ಸರಿಯುತ್ತ ಹೋಗಿ ಡಿಸೆಂಬರ್ 21ರ ಸುಮಾರಿಗೆ ತಿರುಗಿ ಬರುತ್ತಾನೆ. ಜನವರಿ 14ರಂದು ಇರುವ ಸ್ಥಾನವನ್ನು ಅವನು ಹೋಗುವಾಗ ಎಂದು ದಾಟಿರಬೇಕು? ಬೆರಳು ಮಡಿಚಿ, ದಿನ ಎಣಿಸಿ, ಒಬ್ಬಳು ಹುಡುಗಿ "ನವೆಂಬರ್ ಕೊನೆ ಸಾರ್!" ಎಂದು ಕೂಗಿದಳು. ಹೌದು, ಆಗಲೂ ಬೆಳಕು ಅದೇ ದಾರಿಯಲ್ಲಿ ಬರುತ್ತದೆ, ಮೋಡ ಇರದಿದ್ದರೆ. ಆ ದಿನ ನೂಕುನುಗ್ಗಲೂ ಇರುವುದಿಲ್ಲ.

ಕೆಂಪಾಂಬುಧಿ ಕೆರೆ ಹತ್ತಿರದಲ್ಲೇ ಇದೆ. ಅದನ್ನು ನೋಡಿಕೊಂಡು ಮೈಸೂರು ರಸ್ತೆಗೆ ಇಳಿಯುವ ಹೊತ್ತಿಗೆ ವಾಸನೆ ಶುರುವಾಯಿತು. ಸುಮಾರು 100 ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಮೇಲಕ್ಕೆತ್ತಿ ಕಾವೇರಿಯನ್ನು ಊರಿಗೆ ತರುತ್ತೇವೆ. 1974ರಿಂದ ಹೀಗೆ ಬರುತ್ತಿದೆ. ಬಚ್ಚಲು, ಪಾಯಿಖಾನೆ ದಾಟಿದ ಅದೇ ನೀರಿನಲ್ಲಿ ಒಂದು ಪಾಲು ವೃಷಭಾವತಿಯ ಪಾತ್ರ ಹಿಡಿದು ಮತ್ತೆ ಕಾವೇರಿಯ ಕಡೆಗೇ ಹೊರಡುತ್ತದೆ. ಜಲಚಕ್ರದ ಚಿತ್ರದಲ್ಲಿ ಈ ಬಾಣದ ಗುರುತನ್ನು ನಾನು ಯಾವತ್ತೂ ಬರೆಸಿರಲಿಲ್ಲ. ಗಾಳಿ ಆಂಜನೇಯನ ಗುಡಿಯ ಬಳಿ ನಿಂತೆವು. ಮಳೆ ಜೋರಾದರೆ ಹೊಳೆ ಆ ಗುಡಿಯೊಳಕ್ಕೂ ನುಗ್ಗಿದ್ದುಂಟು.

ಮೊದಲು ಪ್ರಶ್ನೆ ಕೇಳಿದ ಹುಡುಗ ಇಷ್ಟು ಹೊತ್ತು ಹಿಂದೆ ಹಿಂದೆಯೇ ಇದ್ದವನು ಆಗ ಹತ್ತಿರ ಬಂದು, "ನಮ್ಮ ಮನೆ ಇಲ್ಲೇ ಸಾರ್" ಎಂದ. ತನ್ನ ಮನೆ ಎಲ್ಲಿದೆ ಎಂದು ತರಗತಿಯಲ್ಲಿ ಅವನು ಯಾರಿಗೂ ಹೇಳಿರಲಿಲ್ಲ. ಮೋರಿ ಪಕ್ಕದ ಮನೆ ಎಂದು ನಗುತ್ತಾರೆಂಬ ಅಂಜಿಕೆ. ಎರಡು ಕೋಣೆಯ ಮನೆ. ಅವನ ತಾಯಿ ಎಲ್ಲರಿಗೂ ಮಜ್ಜಿಗೆ ಕೊಟ್ಟರು, ಲೋಟ ಸಾಲದೆ ಸರದಿಯಲ್ಲಿ ಕುಡಿದೆವು. ಒಳಗಿನ ಗೋಡೆಯ ಮೇಲೆ ಸುಣ್ಣ ಬಳಿದರೂ ಮಾಸದ ಒಂದು ಕಂದು ಗೆರೆ ಕಂಡಿತು. ಒಂದು ಮಳೆಯ ರಾತ್ರಿ ನೀರು ಅಲ್ಲಿಯವರೆಗೆ ಬಂದಿತ್ತಂತೆ. ತಂಗಿಯನ್ನು ಅಟ್ಟದ ಮೇಲೆ ಕೂರಿಸಿ ಅವನು ಬೆಳಗಿನವರೆಗೂ ಕಾದಿದ್ದನಂತೆ. ನದಿ ಯಾವುದೆಂದು ಅವನು ಯಾಕೆ ಕೇಳಿದ್ದ ಎಂದು ನನಗೆ ಆಗ ಅರ್ಥವಾಯಿತು.

ಯಾರೂ ನಗಲಿಲ್ಲ. ಯಾರೋ ಸ್ಕೇಲು ತೆಗೆದು ಕೊಟ್ಟರು. ಅವನೇ ನೆಲದಿಂದ ಗೆರೆಯವರೆಗೆ ಅಳೆದ. 82 ಸೆಂಟಿಮೀಟರ್. ಮಕ್ಕಳೆಲ್ಲ ನೋಟುಪುಸ್ತಕದಲ್ಲಿ ಬರೆದುಕೊಂಡರು, ನಾನೂ ಬರೆದುಕೊಂಡೆ.