ನುಡಿಯುವ ಬಿದಿರು

ಕನ್ನಡದಲ್ಲಿ ‘ಬಾ’ ಎಂದು ನಾವು ಕೋಪದಿಂದ ಕೂಗಿದರೂ, ಅಕ್ಕರೆಯಿಂದ ಮೆಲ್ಲನೆ ಕರೆದರೂ ಅರ್ಥ ಒಂದೇ. ಧ್ವನಿಯ ಏರಿಳಿತ ನಮ್ಮ ಮನೋಭಾವವನ್ನು ಸೂಚಿಸುತ್ತದೆಯೇ ಹೊರತು ಶಬ್ದವನ್ನೇ ಬೇರೆಯಾಗಿಸುವುದಿಲ್ಲ. ಎಲ್ಲ ಭಾಷೆಗಳೂ ಹೀಗೆಯೇ ಎಂದು ಭಾವಿಸಿದರೆ ತಪ್ಪಾದೀತು. ಹ್ಮಾಂಗ್ ಎಂಬ ಜನಾಂಗದ ಭಾಷೆಯಲ್ಲಿ ‘ಪೊ’ ಎಂಬ ಅಕ್ಷರವನ್ನು ಎತ್ತರದ ಧ್ವನಿಯಲ್ಲಿ ಸಮನಾಗಿ ಉಚ್ಚರಿಸಿದರೆ ಉಂಡೆ. ಧ್ವನಿಯನ್ನು ಮೇಲಕ್ಕೆ ಏರಿಸಿದರೆ ಎಸೆಯುವುದು. ತಗ್ಗಿದ ಧ್ವನಿಯಲ್ಲಿ ಹೇಳಿದರೆ ಮುಳ್ಳು. ಉಸಿರು ಬೆರೆಸಿ ಇಳಿಸಿದರೆ ತಂದೆಯ ತಾಯಿ, ಎಂದರೆ ಅಜ್ಜಿ! ಹೀಗೆ ಅರ್ಥವನ್ನೇ ಬದಲಿಸುವ ಏರಿಳಿತಕ್ಕೆ ಭಾಷಾವಿಜ್ಞಾನಿಗಳು ‘ತಾನ’ ಎಂದು ಹೆಸರಿಟ್ಟಿದ್ದಾರೆ. ಬಿಳಿ ಹ್ಮಾಂಗ್ ಎಂಬ ಉಪಭಾಷೆಯಲ್ಲಿ ಇಂಥ ತಾನಗಳು ಏಳು. ಈ ಜನರ ಬದುಕಿನಲ್ಲಿ ತಾನಕ್ಕೆ ಎಂಥ ಸ್ಥಾನವಿದೆ, ಅದನ್ನು ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ನೋಡೋಣ.

ಚೀನದ ದಕ್ಷಿಣ ಭಾಗ, ವಿಯೆಟ್ನಾಂ, ಲಾವೋಸ್ ಮತ್ತು ಥಾಯ್ಲೆಂಡ್‌ಗಳ ಬೆಟ್ಟಸೀಮೆ ಹ್ಮಾಂಗರ ನೆಲೆ. ಇಳಿಜಾರಿನ ಕಾಡನ್ನು ಕಡಿದು, ಸುಟ್ಟು, ಬತ್ತವನ್ನೂ ಮೆಕ್ಕೆಜೋಳವನ್ನೂ ಬೆಳೆಯುವ ಪದ್ಧತಿ ಇವರಲ್ಲಿ ಬಹುಕಾಲ ನಡೆದುಬಂದಿತು. ನಮ್ಮ ಮಲೆನಾಡಿನಲ್ಲಿ ಇದಕ್ಕೆ ಕುಮರಿ ಬೇಸಾಯವೆಂದು ಹೆಸರಿತ್ತು. ಜನಾಂಗವು ವಾಂಗ್, ಯಾಂಗ್, ಶಿಯಾಂಗ್, ಲೀ ಮುಂತಾದ ಕುಲಗಳಾಗಿ ಹಂಚಿಕೊಂಡಿದೆ. ನಮ್ಮಲ್ಲಿ ಸಗೋತ್ರ ವಿವಾಹ ಸಲ್ಲದೆಂಬಂತೆ, ಅವರಲ್ಲಿ ಒಂದೇ ಕುಲದವರು ಮದುವೆಯಾಗುವಂತಿಲ್ಲ. ಸುಗ್ಗಿ ಮುಗಿದ ಮೇಲೆ ಬರುವ ಹೊಸ ವರ್ಷದ ಹಬ್ಬದಲ್ಲಿ ಬೇರೆ ಬೇರೆ ಕುಲಗಳ ಯುವಕ ಯುವತಿಯರು ಎದುರುಬದುರಾಗಿ ಸಾಲು ನಿಂತು ಚೆಂಡನ್ನು ಎಸೆದಾಡುತ್ತಾರೆ. ಪರಿಚಯಕ್ಕೂ ಪ್ರಣಯಕ್ಕೂ ಅದೇ ಆರಂಭ. ಆಟದ ಹೆಸರು ‘ಪೊ ಪೊ’. ಮೊದಲನೆಯದು ಎಸೆಯುವುದು, ಎರಡನೆಯದು ಚೆಂಡು. ನಮ್ಮ ಕಿವಿಗೆ ಎರಡೂ ಒಂದೇ!

ಮಾತು ಇಷ್ಟರಮಟ್ಟಿಗೆ ಸ್ವರವನ್ನು ಅವಲಂಬಿಸಿದ್ದರೆ, ಸ್ವರ ಹೊರಡಿಸುವ ವಾದ್ಯವೂ ಮಾತನಾಡಬಹುದಲ್ಲವೆ? ಹ್ಮಾಂಗರ ‘ಕೆಂಗ್’ ಎಂಬ ವಾದ್ಯ ಮಾಡುವುದು ಇದನ್ನೇ. ಮರದ ಪೊಳ್ಳು ಬುರುಡೆಯೊಂದಕ್ಕೆ ಆರು ಬಿದಿರಿನ ಕೊಳವೆಗಳನ್ನು ತೂರಿಸಿರುತ್ತಾರೆ. ಬುರುಡೆಯೊಳಗೆ ಪ್ರತಿಯೊಂದು ಕೊಳವೆಗೂ ತೆಳುವಾದ ಲೋಹದ ನಾಲಗೆಯುಂಟು. ನಮ್ಮ ಹಾರ್ಮೋನಿಯಮ್ಮಿನಲ್ಲಿಯೂ ಇಂಥ ನಾಲಗೆಗಳಿವೆ. ಆದರೆ ಅಲ್ಲಿ ನಾಲಗೆಯನ್ನು ಸೀಳುಕಿಂಡಿಯ ಮೇಲೆ ತುಸು ಎತ್ತಿ ಕೂರಿಸಿರುವುದರಿಂದ ಗಾಳಿ ಒಂದು ಕಡೆಯಿಂದ ಬಂದಾಗ ಮಾತ್ರ ಅದು ಕಂಪಿಸುತ್ತದೆ. ಕೆಂಗಿನ ನಾಲಗೆಯನ್ನಾದರೋ ಒಂದೇ ತಗಡಿನಲ್ಲಿ ಮೂರು ಬದಿ ಕತ್ತರಿಸಿ ಬಿಡಿಸಿರುತ್ತಾರೆ. ಅದು ಚೌಕಟ್ಟಿನ ಮಟ್ಟದಲ್ಲಿಯೇ ನಿಂತಿರುತ್ತದೆ. ಆದುದರಿಂದ ಊದಿದಾಗಲೂ ಉಸಿರನ್ನು ಒಳಗೆಳೆದಾಗಲೂ ಅದು ನುಡಿಯುತ್ತದೆ. ನಾದ ಕಡಿಯುವುದೇ ಇಲ್ಲ. ಕೊಳವೆಯ ರಂಧ್ರವನ್ನು ಬೆರಳಿನಿಂದ ಮುಚ್ಚಿದಾಗ ಒಳಗಿನ ಗಾಳಿಯ ಕಂಬ ನಾಲಗೆಯ ಕಂಪನಕ್ಕೆ ಸರಿಹೊಂದುತ್ತದೆ. ಆಗ ಮಾತ್ರ ಆ ಕೊಳವೆ ಸ್ವರ ಕೊಡುತ್ತದೆ.

ನುಡಿಸುವವನು ಶಬ್ದಗಳ ತಾನಗಳನ್ನು ಈ ಸ್ವರಗಳಿಗೆ ಹೊಂದಿಸುತ್ತಾನೆ. ವ್ಯಂಜನಗಳು ಮಾಯವಾಗಿ ಏರಿಳಿತ ಮಾತ್ರ ಉಳಿಯುತ್ತದೆ. ಅದನ್ನು ತಿಳಿಯುವುದು ಹ್ಮಾಂಗರಲ್ಲಿಯೂ ಎಲ್ಲರಿಗೂ ಸಾಧ್ಯವಿಲ್ಲ; ಪದ್ಯಗಳನ್ನು ಮೊದಲೇ ಬಲ್ಲ, ಪಳಗಿದ ಕಿವಿ ಬೇಕು. ಕೆಂಗಿನ ಮುಖ್ಯ ಕಾರ್ಯ ಶವಸಂಸ್ಕಾರದ್ದು. ಸತ್ತವನ ಆತ್ಮಕ್ಕೆ ಅದು ದಾರಿ ಹೇಳುತ್ತದೆಂದು ನಂಬಿಕೆ. ಆತ್ಮವು ತಾನು ಬಾಳಿದ ಊರುಗಳನ್ನೆಲ್ಲ ಹಿಮ್ಮುಖವಾಗಿ ಹಾದು, ಹುಟ್ಟಿದ ಮನೆಯಲ್ಲಿ ತನ್ನ ಮಾಸನ್ನು ಹೂತ ಜಾಗಕ್ಕೆ ಹೋಗಿ, ಅಲ್ಲಿಂದ ಪೂರ್ವಜರ ಬಳಿಗೆ ಸಾಗಬೇಕು.

ಈ ದಾರಿ ಈಗ ಬಹಳ ಉದ್ದವಾಗಿದೆ. 1961ರಿಂದ ಅಮೆರಿಕದ ಗೂಢಚಾರ ಸಂಸ್ಥೆಯು ಲಾವೋಸಿನ ಹ್ಮಾಂಗರನ್ನು ಗುಟ್ಟಾಗಿ ಸೈನ್ಯಕ್ಕೆ ಸೇರಿಸಿ ಕಮ್ಯೂನಿಸ್ಟರ ವಿರುದ್ಧ ಹೋರಾಡಿಸಿತು. 1975ರಲ್ಲಿ ಕಮ್ಯೂನಿಸ್ಟರು ಗೆದ್ದರು. ಸಹಸ್ರಾರು ಕುಟುಂಬಗಳು ಮೆಕಾಂಗ್ ನದಿಯನ್ನು ದಾಟಿ ಥಾಯ್ಲೆಂಡಿನ ಶಿಬಿರಗಳನ್ನು ಸೇರಿದುವು; ಅಲ್ಲಿಂದ ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಗಳಿಗೆ ಚದರಿದುವು. ಅಮೆರಿಕದ 2010ರ ಜನಗಣತಿಯಲ್ಲಿ 2,60,000ಕ್ಕೂ ಹೆಚ್ಚು ಹ್ಮಾಂಗರನ್ನು ಎಣಿಸಿದರು. ಮಿನೆಸೋಟದ ಸೇಂಟ್ ಪಾಲ್, ಕ್ಯಾಲಿಫೋರ್ನಿಯದ ಫ್ರೆಸ್ನೋ ನಗರಗಳಲ್ಲಿ ಇವರು ಬಹುಸಂಖ್ಯೆಯಲ್ಲಿದ್ದಾರೆ.

ಹೆಂಗಸರ ಕಸೂತಿಗೆ ‘ಪಾಂದಾವ್’, ಎಂದರೆ ಹೂಬಟ್ಟೆ, ಎಂದು ಹೆಸರು. ಹಿಂದೆ ಅದರಲ್ಲಿ ಬಸವನಹುಳುವಿನ ಸುರುಳಿಯಂಥ ರೇಖಾಚಿತ್ರಗಳೇ ಇರುತ್ತಿದ್ದುವು. ಶಿಬಿರಗಳಲ್ಲಿ ಹೊಸ ಬಗೆಯೊಂದು ಹುಟ್ಟಿತು: ಹೊಲ, ಮನೆ, ವಿಮಾನ, ನದಿ ದಾಟುವ ಜನ, ಹೀಗೆ ಕಂಡದ್ದೆಲ್ಲ ದಾರದಲ್ಲಿ ಮೂಡಿತು. ಸಂಪ್ರದಾಯವೆಂಬುದು ಬದಲಾಗದೆ ನಿಂತ ವಸ್ತುವಲ್ಲವೆಂಬುದಕ್ಕೆ ಇದೇ ನಿದರ್ಶನ.

ಬರವಣಿಗೆಯ ಕಥೆಯೂ ಸ್ವಾರಸ್ಯವಾದದ್ದು. 1951 ಮತ್ತು 1953ರ ನಡುವೆ ಲಾವೋಸಿನಲ್ಲಿದ್ದ ಮಿಷನರಿಗಳು ರೋಮನ್ ಅಕ್ಷರಗಳ ಬರಹವೊಂದನ್ನು ರೂಪಿಸಿದರು. ಹ್ಮಾಂಗ್ ಶಬ್ದಗಳು ಅನುನಾಸಿಕವನ್ನುಳಿದು ಬೇರೆ ವ್ಯಂಜನದಿಂದ ಕೊನೆಗೊಳ್ಳುವುದಿಲ್ಲ. ಆದುದರಿಂದ ಕೊನೆಯಲ್ಲಿ ಬಿ, ಜೆ, ವಿ, ಎಸ್ ಮುಂತಾದ ಅಕ್ಷರಗಳನ್ನಿಟ್ಟು, ಅವನ್ನು ಉಚ್ಚರಿಸದೆ ತಾನದ ಗುರುತಾಗಿ ಬಳಸಿಕೊಂಡರು. 1959ರಲ್ಲಿ ಶಾಂಗ್ ಲೂ ಯಾಂಗ್ ಎಂಬ, ಓದುಬರಹವರಿಯದ ರೈತನು ‘ಪಹಾವ್’ ಎಂಬ ಸ್ವತಂತ್ರ ಲಿಪಿಯನ್ನೇ ನಿರ್ಮಿಸಿದನು. ನಮ್ಮ ಬರಹದಲ್ಲಿ ವ್ಯಂಜನ ಮೂಲ, ಸ್ವರ ಅದರ ಗುಣಿತ. ಪಹಾವ್‌ನಲ್ಲಿ ಸ್ವರವನ್ನೇ ಮೊದಲು ಬರೆದು, ಓದುವಾಗ ವ್ಯಂಜನವನ್ನು ಮೊದಲು ಹೇಳುತ್ತಾರೆ! 1971ರಲ್ಲಿ ಅವನ ಕೊಲೆಯಾಯಿತು, ಲಿಪಿ ಉಳಿಯಿತು. 2014ರಲ್ಲಿ ಅದು ಗಣಕಯಂತ್ರಗಳ ಯೂನಿಕೋಡ್ ಸಂಕೇತದಲ್ಲಿಯೂ ಸ್ಥಾನ ಪಡೆಯಿತು.

ಆದರೂ ಹಿರಿಯರ ಚಿಂತೆ ನಿರಾಧಾರವಲ್ಲ. ಎಳೆಯ ಮಗು ಎಲ್ಲ ಭಾಷೆಗಳ ಧ್ವನಿಭೇದಗಳನ್ನೂ ಗುರುತಿಸಬಲ್ಲುದು. ಸುತ್ತಲೂ ತಾನಭಾಷೆ ಕೇಳಿಬರದಿದ್ದರೆ, ಒಂದು ವರ್ಷ ತುಂಬುವ ಮೊದಲೇ ಆ ಶಕ್ತಿ ಕುಂದತೊಡಗುತ್ತದೆಂದು ಪ್ರಯೋಗಗಳು ತೋರಿಸಿವೆ. ಇಂಗ್ಲಿಷನ್ನೇ ಕೇಳಿ ಬೆಳೆದ ಮೊಮ್ಮಗನಿಗೆ ಅಜ್ಜಿಯೂ ಮುಳ್ಳೂ ಒಂದೇ ‘ಪೊ’ ಆಗಿಬಿಡುತ್ತವೆ. ಆಗ ಕೆಂಗ್ ಅವನ ಪಾಲಿಗೆ ಇಂಪಾದ ವಾದ್ಯವಾಗಿ ಉಳಿದೀತು, ಮಾತಾಗಿ ಉಳಿಯಲಾರದು. ಕ್ರೈಸ್ತರಾದ ಹ್ಮಾಂಗ್ ಮನೆಗಳಲ್ಲಿ ಅದು ನುಡಿಯುವ ಸಂದರ್ಭವೇ ಇಲ್ಲವಾಗುತ್ತದೆ.

ಹಾಗೆಂದು ಎಲ್ಲವೂ ಮುಗಿಯಿತೆನ್ನಬೇಕಾಗಿಲ್ಲ. ಕುಂದಿದ ಶಕ್ತಿ ಅಭ್ಯಾಸದಿಂದ ಮರಳಿ ಬರುತ್ತದೆ. ಸೇಂಟ್ ಪಾಲ್ ನಗರದ ಹ್ಮಾಂಗ್ ಸಾಂಸ್ಕೃತಿಕ ಕೇಂದ್ರವು ಎಳೆಯರಿಗೆ ಕೆಂಗ್ ವಾದನವನ್ನು ಕಲಿಸಿದೆ. ಹಿಂದೆ ಗಂಡಸರಿಗೇ ಮೀಸಲಾಗಿದ್ದ ಈ ವಿದ್ಯೆಗೆ ಹುಡುಗಿಯರೂ ಕೈಹಾಕಿದ್ದಾರೆ. ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಹ್ಮಾಂಗ್ ಭಾಷೆಯ ತರಗತಿಗಳು ನಡೆದಿವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂಗಸಾಧನೆಯ ಚಿನ್ನ ಗೆದ್ದ ಸೂನಿ ಲೀ ಇದೇ ಸೇಂಟ್ ಪಾಲಿನ ಹ್ಮಾಂಗ್ ಮನೆಯ ಹುಡುಗಿ. ಹೊಸ ನಾಡಿನಲ್ಲಿ ಮುಂದೆ ಬರುವುದಕ್ಕೂ ಹಳೆಯ ನುಡಿಯನ್ನು ಉಳಿಸಿಕೊಳ್ಳುವುದಕ್ಕೂ ವಿರೋಧವೇನೂ ಇಲ್ಲ. ಬೇಕಾದುದು ಒಂದೇ: ತೊಟ್ಟಿಲಲ್ಲಿರುವ ಮಗುವಿನೊಡನೆ ಅಜ್ಜಿ ತನ್ನ ಭಾಷೆಯಲ್ಲಿ ಮಾತನಾಡುತ್ತಿರಬೇಕು. ಬಿದಿರಿನ ಮಾತು ತಿಳಿಯಬೇಕಾದರೆ ಅದಕ್ಕೆ ಮೊದಲು ಅಜ್ಜಿಯ ಮಾತು ಕಿವಿಗೆ ಬಿದ್ದಿರಬೇಕು.