ಟರ್ಬೋ ಇಲ್ಲದ ಕಾರಿನ ಮಾರ್ಪಾಡು: ಶಬ್ದ ಬೇರೆ, ಸಾಮರ್ಥ್ಯ ಬೇರೆ

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗೂ ಜಿಲ್ಲಾ ಕೇಂದ್ರಗಳ ಗ್ಯಾರೇಜುಗಳಿಗೂ ಮಾರ್ಪಾಡಿಗಾಗಿ ಕಾರು ತರುವ ಗ್ರಾಹಕರ ಬೇಡಿಕೆ ಸಾಮಾನ್ಯವಾಗಿ ಎರಡು. ಎಕ್ಸಾಸ್ಟ್ ಶಬ್ದ ಗಂಭೀರವಾಗಿರಬೇಕು. ಕಾರು ಇನ್ನಷ್ಟು ಚುರುಕಾಗಿ ಓಡಬೇಕು. ಸೈಲೆನ್ಸರ್ ಒಂದನ್ನು ಬದಲಿಸಿದರೆ ಇವೆರಡೂ ದೊರೆಯುತ್ತವೆ ಎಂಬ ನಂಬಿಕೆ ಗ್ರಾಹಕರಲ್ಲಿದೆ. ಹಾಗೆಂದೇ ಹೇಳಿ ಸರಕು ಮಾರುವ ವರ್ತಕರೂ ಉಂಟು. ಟರ್ಬೋಚಾರ್ಜರ್ ಇಲ್ಲದ ಎಂಜಿನ್ನಿನ ವಿಷಯದಲ್ಲಿ ಈ ನಂಬಿಕೆ ಸರಿಯಲ್ಲ. ಅದರಲ್ಲಿ ಶಬ್ದವನ್ನು ಬದಲಿಸುವುದು ಸುಲಭ. ಸಾಮರ್ಥ್ಯವನ್ನು ಹೆಚ್ಚಿಸುವುದು ಕಷ್ಟ ಹಾಗೂ ದುಬಾರಿ. ಈ ವ್ಯತ್ಯಾಸವನ್ನು ಅರಿಯದೆ ವ್ಯವಹರಿಸುವ ಗ್ಯಾರೇಜು ಗ್ರಾಹಕರ ವಿಶ್ವಾಸವನ್ನು ಕಳೆದುಕೊಳ್ಳುವುದಲ್ಲದೆ ಕಾನೂನಿನ ತೊಡಕಿಗೂ ಸಿಲುಕಬಹುದು.

ಗಾಳಿಯೇ ಮಿತಿ

ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಆದುದರಿಂದ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಅದು ಎಳೆದುಕೊಳ್ಳಬಲ್ಲ ಗಾಳಿಯ ಪ್ರಮಾಣ. ಟರ್ಬೋ ಇರುವ ಎಂಜಿನ್ನಿನಲ್ಲಿ ಹೊರಹೋಗುವ ಹೊಗೆಯ ಬಲದಿಂದಲೇ ಗಾಳಿಯನ್ನು ಒತ್ತಿ ಒಳಗೆ ತುಂಬಲಾಗುತ್ತದೆ. ಕಂಪ್ಯೂಟರಿನ ತಂತ್ರಾಂಶವನ್ನು ಬದಲಿಸಿ ಆ ಒತ್ತಡವನ್ನು ಏರಿಸಿದರೆ ಶೇ. 20ರಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಶಕ್ತಿ ದೊರೆಯುವುದು ಅಪರೂಪವಲ್ಲ. ಟರ್ಬೋ ಇಲ್ಲದ ಎಂಜಿನ್ನಿಗೆ ಇಂತಹ ಮೀಸಲು ಇಲ್ಲ. ವಾತಾವರಣದ ಒತ್ತಡ ಎಷ್ಟಿದೆಯೋ ಅಷ್ಟೇ ಅದರ ಬಂಡವಾಳ. ಫಿಲ್ಟರ್, ಹೆಡರ್, ತಂತ್ರಾಂಶ ಮೂರನ್ನೂ ಬದಲಿಸಿದರೂ ಲಾಭ ಸಾಮಾನ್ಯವಾಗಿ ಶೇ. 10ರ ಒಳಗೇ ಉಳಿಯುತ್ತದೆ.

ಈ ಪ್ರಮಾಣವನ್ನು ಗ್ರಾಹಕರಿಗೆ ಮನಗಾಣಿಸಲು ಒಂದು ಉದಾಹರಣೆ ಸಾಕು. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ. ಟರ್ಬೋ ಇಲ್ಲದ ಕಾರು ಶಿರಾಡಿ ಘಾಟಿಯನ್ನು ಹತ್ತಿ ರಾಜಧಾನಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅಷ್ಟೇ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮಾರ್ಪಾಡಿನಿಂದ ಗಳಿಸಬಹುದಾದುದೆಲ್ಲವೂ ಒಂದು ಘಾಟಿಯ ಏರಿಗೆ ಸಮ.

ನಿಜವಾದ ಹೆಚ್ಚಳ ಎಂಜಿನ್ನಿನ ಒಳಗಿನ ಕೆಲಸದಿಂದ ಬರುತ್ತದೆ. ಹೋಂಡಾ ಕಂಪನಿಯು 1989ರಲ್ಲಿ ಇಂಟೆಗ್ರಾ ಕಾರಿಗೆ ಅಳವಡಿಸಿದ 1.6 ಲೀಟರ್ ಎಂಜಿನ್ ಟರ್ಬೋ ಇಲ್ಲದೆಯೇ 160 ಅಶ್ವಶಕ್ತಿ ನೀಡಿತು. ಕಡಿಮೆ ಹಾಗೂ ಹೆಚ್ಚು ವೇಗಗಳಿಗೆ ಬೇರೆ ಬೇರೆ ರೀತಿಯಲ್ಲಿ ವಾಲ್ವ್ ತೆರೆಯುವ ವಿಟೆಕ್ ವ್ಯವಸ್ಥೆ, ಹೆಚ್ಚಿನ ಕಂಪ್ರೆಷನ್, ನಿಮಿಷಕ್ಕೆ 7,600 ಸುತ್ತುಗಳಲ್ಲಿಯೂ ಉಸಿರಾಡಬಲ್ಲ ಸಿಲಿಂಡರ್ ಹೆಡ್ ಇದಕ್ಕೆ ಕಾರಣ. ಸೈಲೆನ್ಸರ್ ಬದಲಿಸಿ ಈ ಫಲ ಪಡೆಯಲಾಗದು. ಕ್ಯಾಮ್‌ಶಾಫ್ಟ್, ಪಿಸ್ಟನ್, ವಾಲ್ವ್ ಸ್ಪ್ರಿಂಗ್‌ಗಳವರೆಗೆ ಹೋಗುವ ಕೆಲಸಕ್ಕೆ ನುರಿತ ಕೈ ಮತ್ತು ದೊಡ್ಡ ಮೊತ್ತ ಎರಡೂ ಬೇಕು.

ಲಾಭವೆಂದು ಮಾಡಿ ನಷ್ಟವಾಗುವ ಕೆಲಸಗಳು

ಎಂಜಿನ್ ಕೋಣೆಯೊಳಗೆ ತೆರೆದ ಫಿಲ್ಟರ್ ಕೂರಿಸುವುದು ಜನಪ್ರಿಯ ಮಾರ್ಪಾಡು. ಗಾಳಿ ಎಳೆಯುವ ಸದ್ದು ಕೇಳಿಸುವುದರಿಂದ ಕಾರು ಚುರುಕಾದಂತೆ ಭಾಸವಾಗುತ್ತದೆ. ಆದರೆ ಗಾಳಿಯ ಉಷ್ಣತೆ ಪ್ರತಿ 3 ಡಿಗ್ರಿ ಏರಿದಾಗಲೂ ಅದರ ಸಾಂದ್ರತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. ಹೊರಗಿನ ತಣ್ಣನೆಯ ಗಾಳಿಯ ಬದಲು 30 ಡಿಗ್ರಿ ಹೆಚ್ಚು ಬಿಸಿಯಾದ ಗಾಳಿಯನ್ನು ಎಳೆದುಕೊಳ್ಳುವ ಎಂಜಿನ್ ಶಕ್ತಿಯನ್ನು ಗಳಿಸುವುದಿಲ್ಲ, ಕಳೆದುಕೊಳ್ಳುತ್ತದೆ.

ಎಕ್ಸಾಸ್ಟ್ ಕೊಳವೆ ದಪ್ಪವಾದಷ್ಟೂ ಒಳ್ಳೆಯದೆಂಬುದು ಇನ್ನೊಂದು ತಪ್ಪು ಕಲ್ಪನೆ. ಹೊಗೆಯ ಒಂದು ಅಲೆ ವೇಗವಾಗಿ ಸಾಗಿದಾಗ ಹಿಂದಿನ ಸಿಲಿಂಡರಿನ ಹೊಗೆಯನ್ನು ಸೆಳೆದೊಯ್ಯುತ್ತದೆ. ಕೊಳವೆ ಅಗತ್ಯಕ್ಕಿಂತ ಅಗಲವಾದರೆ ಹರಿವಿನ ವೇಗ ತಗ್ಗಿ, ಕಡಿಮೆ ಸುತ್ತುಗಳಲ್ಲಿ ಎಳೆತ ಕುಂದುತ್ತದೆ. ನಗರದ ಸಂಚಾರದಲ್ಲಿ ಬೇಕಾಗುವುದು ಇದೇ ಎಳೆತ. ನಾಲ್ಕು ಕೊಳವೆಗಳು ಮೊದಲು ಎರಡಾಗಿ, ಅನಂತರ ಒಂದಾಗುವ ಹೆಡರನ್ನು ದಿನನಿತ್ಯದ ಕಾರಿಗೆ ಆರಿಸುವುದು ಈ ಕಾರಣದಿಂದ. ನಾಲ್ಕೂ ನೇರವಾಗಿ ಒಂದಾಗುವ ಹೆಡರ್ ಹೆಚ್ಚು ಸುತ್ತುಗಳ ಪಂದ್ಯದ ಕಾರಿಗೆ ತಕ್ಕುದು.

ಶಬ್ದದ ಲೆಕ್ಕಾಚಾರ

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟಗಳಾಗುತ್ತವೆ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 100 ಸ್ಫೋಟ. ಅಂದರೆ 100 ಹರ್ಟ್ಸ್‌ನ ಗುಂಯ್‌ಗುಡುವ ಕೆಳಸ್ವರ. ಹೆದ್ದಾರಿಯಲ್ಲಿ ಸಮವೇಗದಿಂದ ಸಾಗುವಾಗ ಕಾರಿನೊಳಗಿನವರಿಗೆ ತಲೆನೋವು ತರುವುದು ಇದೇ ಸ್ವರ. ಇದನ್ನು ಅಡಗಿಸಲೆಂದೇ ತಯಾರಕರು ಕೊಳವೆಯ ನಡುವೆ ರೆಸೊನೇಟರ್ ಇಟ್ಟಿರುತ್ತಾರೆ. ಅದನ್ನು ಕತ್ತರಿಸಿ ನೇರ ಕೊಳವೆ ಬೆಸೆದರೆ ಗ್ಯಾರೇಜಿನ ಮುಂದೆ ಹಿತವೆನಿಸಿದ ಶಬ್ದ ದೂರ ಪ್ರಯಾಣದಲ್ಲಿ ಅಸಹನೀಯವಾಗುತ್ತದೆ. ರೆಸೊನೇಟರನ್ನು ಉಳಿಸಿಕೊಂಡು, ಗಾಜಿನ ಉಣ್ಣೆ ತುಂಬಿದ ಉತ್ತಮ ದರ್ಜೆಯ ಹಿಂಬದಿ ಮಫ್ಲರನ್ನು ಅಳವಡಿಸಿದರೆ ಕರ್ಕಶವಾದ ಮೇಲ್ಸ್ವರಗಳು ಅಡಗಿ ಗಂಭೀರ ಧ್ವನಿ ಉಳಿಯುತ್ತದೆ. ಶಬ್ದ 10 ಡೆಸಿಬಲ್ ಏರಿದರೆ ಕಿವಿಗೆ ಅದು ಇಮ್ಮಡಿಯಾದಂತೆ ಕೇಳಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಯುವುದಂತೂ ಸರ್ವಥಾ ಸಲ್ಲದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಪೆಟ್ರೋಲ್ ಕಾರುಗಳಲ್ಲಿ ಅದರ ಕೆಲಸವನ್ನು ಸೆನ್ಸರ್ ಸದಾ ಪರೀಕ್ಷಿಸುತ್ತಿರುತ್ತದೆ. ತೆಗೆದೊಡನೆ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಹೊಗೆಯ ವಿಷಾಂಶ ಅನೇಕ ಪಟ್ಟು ಏರುತ್ತದೆ.

ಕಾನೂನು ಮತ್ತು ಗ್ಯಾರೇಜಿನ ಹೊಣೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಬದಲಾದ 182ಎ ಕಲಮಿನಂತೆ ನಿಯಮಬಾಹಿರ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಶಬ್ದ ಹಾಗೂ ಹೊಗೆಯ ಮಾನದಂಡ ಮೀರಿದ ವಾಹನ ಚಲಾಯಿಸಿದವರಿಗೆ 190ನೇ ಕಲಮಿನಡಿ ಮೊದಲ ಅಪರಾಧಕ್ಕೇ 10,000 ರೂಪಾಯಿವರೆಗೆ ದಂಡ ವಿಧಿಸಬಹುದು. ಹೊಸ ಕಾರುಗಳ ಶಬ್ದಮಿತಿ 2005ರಲ್ಲಿ 74 ಡೆಸಿಬಲ್‌ಗೆ ಇಳಿಯಿತು.

ದಂಡ ಕಾರಿನ ಮಾಲೀಕರಿಗೆ ಮಾತ್ರ ಎಂದು ಗ್ಯಾರೇಜಿನವರು ನಿಶ್ಚಿಂತರಾಗಿರುವಂತಿಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ವಾಹನ ದುರಸ್ತಿ ಮಾಡುವವರೂ 'ಡೀಲರ್' ಪದದ ವ್ಯಾಪ್ತಿಗೆ ಬರುತ್ತಾರೆ. ಕಾಯ್ದೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವ ಡೀಲರಿಗೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ವಾಹನವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಒದಗಬಹುದು. ಇದಲ್ಲದೆ, ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಸಂದರ್ಭದಲ್ಲಿ ಪರಿಹಾರಕ್ಕೆ ಅಡ್ಡಿಯಾಗಬಹುದು. ತಯಾರಕರ ವಾರಂಟಿಯೂ ಕೈತಪ್ಪಬಹುದು.

ವರ್ತಕರು ಅನುಸರಿಸಬಹುದಾದ ಕ್ರಮ

ಮೊದಲು ಕಾರನ್ನು ಅದರ ಮೂಲ ಸಾಮರ್ಥ್ಯಕ್ಕೆ ತರಬೇಕು. ಕಟ್ಟಿಕೊಂಡ ಫಿಲ್ಟರ್, ಸವೆದ ಪ್ಲಗ್, ಜಾರುವ ಕ್ಲಚ್, ಕಡಿಮೆ ಗಾಳಿಯ ಟಯರ್‌ಗಳನ್ನು ಸರಿಪಡಿಸುವುದರಿಂದಲೇ ಅನೇಕ ಗ್ರಾಹಕರಿಗೆ ತೃಪ್ತಿಯಾಗುತ್ತದೆ. ಬಳಿಕ ಉತ್ತಮ ಟಯರ್ ಮತ್ತು ಬ್ರೇಕ್ ಪ್ಯಾಡ್‌ಗಳನ್ನು ಸೂಚಿಸಬಹುದು. ಕಾರಿನ ವರ್ತನೆಯಲ್ಲಿ ಇವು ತರುವ ಸುಧಾರಣೆ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಶಕ್ತಿ ಹೆಚ್ಚಿಸುವುದಾಗಿ ಹೇಳುವವರು ಕೆಲಸದ ಮೊದಲು ಮತ್ತು ಅನಂತರ ಡೈನೋ ಯಂತ್ರದಲ್ಲಿ ಅಳೆದು ಎರಡೂ ಫಲಿತಾಂಶಗಳನ್ನು ಗ್ರಾಹಕರ ಕೈಗೆ ನೀಡಬೇಕು. ಬಿಚ್ಚಿದ ಮೂಲ ಬಿಡಿಭಾಗಗಳನ್ನು ಹಿಂದಿರುಗಿಸುವುದು, ಮಾಡಿದ ಕೆಲಸವನ್ನು ಬಿಲ್ಲಿನಲ್ಲಿ ಸ್ಪಷ್ಟವಾಗಿ ನಮೂದಿಸುವುದು ಒಳ್ಳೆಯ ಪದ್ಧತಿ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳಿಗೆ ಶೇ. 18ರ ಏಕರೂಪದ ಜಿಎಸ್‌ಟಿ ಅನ್ವಯವಾಗಿರುವುದರಿಂದ, ಹಿಂದೆ ಶೇ. 28ರ ತೆರಿಗೆ ತಪ್ಪಿಸಲೆಂದು ಬಿಲ್ಲಿಲ್ಲದೆ ಕೊಳ್ಳುತ್ತಿದ್ದವರನ್ನು ಬಿಲ್ಲಿನ ವ್ಯಾಪಾರಕ್ಕೆ ಒಲಿಸುವುದೂ ಈಗ ಸುಲಭ. ಪಂದ್ಯಕ್ಕೆಂದೇ ಸಿದ್ಧಪಡಿಸುವ ಕಾರುಗಳನ್ನು ಪ್ರತ್ಯೇಕವಾಗಿ ದಾಖಲಿಸಿ, ಅವು ಟ್ರ್ಯಾಕಿಗೆ ಮಾತ್ರ ಸೀಮಿತವೆಂದು ಮಾಲೀಕರಿಂದ ಬರೆಸಿಕೊಳ್ಳುವುದು ಕ್ಷೇಮ.

ಸದ್ದನ್ನು ಶಕ್ತಿಯೆಂದು ಮಾರಿದ ಗ್ಯಾರೇಜಿಗೆ ಆ ಗ್ರಾಹಕ ಮತ್ತೆ ಬರುವುದಿಲ್ಲ. ಎಷ್ಟು ದೊರೆಯುತ್ತದೆ, ಎಷ್ಟು ದೊರೆಯುವುದಿಲ್ಲ ಎಂಬುದನ್ನು ಮುಂಗಡ ಪಡೆಯುವ ಮೊದಲೇ ತಿಳಿಸುವ ಗ್ಯಾರೇಜು ಒಂದೆರಡು ಕೆಲಸಗಳನ್ನು ಕಳೆದುಕೊಂಡರೂ, ವರ್ಷಾನುಗಟ್ಟಲೆ ಸರ್ವಿಸಿಗೆ ಬರುವ ಗ್ರಾಹಕರನ್ನು ಉಳಿಸಿಕೊಳ್ಳುತ್ತದೆ.