ಗಾಲಿಕುರ್ಚಿಯ ಆಟಗಾರ ಹೇಳಿಕೊಡುವ ಆರೋಗ್ಯಪಾಠ

ಸ್ವಸ್ಥನ ಲಕ್ಷಣವನ್ನು ಹೇಳುವಾಗ ಸುಶ್ರುತಾಚಾರ್ಯರು ದೋಷ, ಅಗ್ನಿ, ಧಾತು, ಮಲಗಳ ಸಮಸ್ಥಿತಿಗಷ್ಟೇ ನಿಲ್ಲದೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿದ್ದಾರೆ. ಹಾಗಾದರೆ ಶೈಶವದಲ್ಲಿಯೇ ಕಾಲಿನ ಬಲವನ್ನು ಕಳೆದುಕೊಂಡವರು ಸ್ವಸ್ಥರಾಗಿ ಬಾಳಬಲ್ಲರೆ? ಬ್ರಿಟನ್ನಿನ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಆಟಗಾರ ಅಡೇ ಅಡೆಪಿಟನ್ ಅವರ ಜೀವನವು ಇದಕ್ಕೆ ಉತ್ತರ ಕೊಡುತ್ತದೆ.

ಅವರು 1973ರಲ್ಲಿ ನೈಜೀರಿಯಾದ ಲಾಗೋಸ್ ನಗರದಲ್ಲಿ ಜನಿಸಿದರು. ಹದಿನೈದು ತಿಂಗಳ ಕೂಸಾಗಿದ್ದಾಗ ಪೋಲಿಯೋ ತಗುಲಿತು. ಮೂರನೆಯ ವಯಸ್ಸಿನಲ್ಲಿ ಲಂಡನ್ನಿಗೆ ಬಂದರು. ಪೋಲಿಯೋ ವೈರಾಣು ಮಲಿನವಾದ ನೀರು, ಆಹಾರ, ಕೈಗಳ ಮೂಲಕ ಬಾಯಿಯನ್ನು ಸೇರುತ್ತದೆ. ಕೆಲವರಲ್ಲಿ ಅದು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ನಾಶಮಾಡುತ್ತದೆ. ಆಗ ಕಾಲು ಸೊರಗುತ್ತದೆ. ಆದರೆ ಸ್ಪರ್ಶಜ್ಞಾನವೂ ಬುದ್ಧಿಯೂ ಕುಂದುವುದಿಲ್ಲ. ಸತ್ತ ನರಕೋಶಗಳನ್ನು ಮರಳಿ ತರುವ ಔಷಧ ಯಾವ ವೈದ್ಯಪದ್ಧತಿಯಲ್ಲಿಯೂ ಇಲ್ಲ, ನಮ್ಮ ಆಯುರ್ವೇದದಲ್ಲಿಯೂ ಇಲ್ಲ. ಲಸಿಕೆಯೊಂದೇ ರಕ್ಷೆ.

ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದ ಆ ಬಾಲಕನನ್ನು ಗೆಳೆಯರು ಅಂಗಡಿಯ ಸಾಮಾನಿನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಓಡಾಡಿಸುತ್ತಿದ್ದರು. ಅದನ್ನು ಕಂಡ ಭೌತಚಿಕಿತ್ಸಕರು ಅವನಿಗೆ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಆಟದ ದಾರಿ ತೋರಿಸಿದರು. ಈ ಆಟದಲ್ಲಿ ಕರುಣೆಯ ರಿಯಾಯಿತಿಯಿಲ್ಲ. ಅಂಕಣವೂ ಹತ್ತು ಅಡಿ ಎತ್ತರದ ಬುಟ್ಟಿಯೂ ಎಲ್ಲರ ಆಟದಲ್ಲಿರುವಂತೆಯೇ ಇರುತ್ತವೆ. ಆಟಗಾರರಿಗೆ ದೇಹದ ಚಲನಶಕ್ತಿಗೆ ತಕ್ಕಂತೆ 1ರಿಂದ 4.5ರವರೆಗೆ ಅಂಕ ಕೊಡುತ್ತಾರೆ. ಅಂಕಣದಲ್ಲಿರುವ ಐವರ ಮೊತ್ತ 14ನ್ನು ಮೀರುವಂತಿಲ್ಲ. ಹೀಗಾಗಿ ಹೆಚ್ಚು ನ್ಯೂನತೆಯುಳ್ಳವರಿಗೂ ತಂಡದಲ್ಲಿ ಸ್ಥಾನವಿರುತ್ತದೆ.

ಅಡೆಪಿಟನ್ 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡದೊಡನೆ ಕಂಚಿನ ಪದಕ ಗಳಿಸಿದರು. ಮರುವರ್ಷ ಎಂ.ಬಿ.ಇ. ಗೌರವಕ್ಕೆ ಪಾತ್ರರಾದರು. ಅನಂತರ ದೂರದರ್ಶನ ನಿರೂಪಕರಾಗಿ 2012ರ ಲಂಡನ್ ಪ್ಯಾರಾಲಿಂಪಿಕ್ಸನ್ನು ಮನೆಮನೆಗೆ ತಲುಪಿಸಿದವರಲ್ಲಿ ಒಬ್ಬರಾದರು. ಹುಟ್ಟಿದ ನೈಜೀರಿಯಾಕ್ಕೆ ಮರಳಿ, ಅಲ್ಲಿ ಪೋಲಿಯೋ ಇನ್ನೂ ಏಕೆ ಉಳಿದಿದೆ ಎಂಬುದನ್ನು ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. ಗಾಲಿಕುರ್ಚಿಯಲ್ಲಿರುವ ವ್ಯಕ್ತಿ ಲೋಕ ಸುತ್ತುವುದನ್ನು ಜನ ಪರದೆಯ ಮೇಲೆ ಕಾಣುವಂತಾದದ್ದೇ ಒಂದು ದೊಡ್ಡ ಸೇವೆ. ಭಾರತವು 2014ರಲ್ಲಿ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆಫ್ರಿಕಾ ಖಂಡವು 2020ರಲ್ಲಿ ನೈಸರ್ಗಿಕ ಪೋಲಿಯೋ ವೈರಾಣುವಿನಿಂದ ಮುಕ್ತವಾಯಿತು. ಆದರೂ ರೋಗವು ಲೋಕದಿಂದ ಪೂರ್ತಿಯಾಗಿ ತೊಲಗಿಲ್ಲವಾದ್ದರಿಂದ ಮಕ್ಕಳಿಗೆ ಹನಿ ಹಾಕಿಸುವುದನ್ನು ಬಿಡಲಾಗದು.

ಇವರ ವೃತ್ತಾಂತವನ್ನು ಅರಿತಾಗ ನನ್ನ ತಪ್ಪೊಂದು ನೆನಪಾಯಿತು. ನನ್ನ ಚಿಕಿತ್ಸಾಲಯದ ಬಾಗಿಲಿಗೆ ಬಹುಕಾಲ ಮೂರು ಮೆಟ್ಟಿಲುಗಳಿದ್ದವು. ನಡೆಯಲಾರದವರನ್ನು ಬಂಧುಗಳು ಎತ್ತಿಕೊಂಡು ಬರುತ್ತಿದ್ದರು. ಅವರ ನಾಡಿಯನ್ನು ಹಿಡಿದು ನೋಡಿದ ನಾನು, ಎತ್ತಿಸಿಕೊಂಡು ಬಂದವರ ಸಂಕೋಚವನ್ನು ನೋಡಲಿಲ್ಲ. ಪಥ್ಯ ಹೇಳಿದೆ, ತೈಲ ಕೊಟ್ಟೆ; ದಾರಿ ಮಾಡಿಕೊಡಲಿಲ್ಲ. ಈಗ ಅಲ್ಲಿ ಇಳಿಜಾರು ಹಾದಿಯಿದೆ.

ಅದರ ಲೆಕ್ಕ ಸರಳವಾದುದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಕುಳಿತವರು ತಾವೇ ಏರಲಾರರು, ಇಳಿಯುವಾಗ ಕುರ್ಚಿ ಜಾರುತ್ತದೆ. ಬಾಗಿಲು ಮೂರು ಅಡಿ ಅಗಲವಿರಲಿ, ಶೌಚಾಲಯದ ಗೋಡೆಗೆ ಹಿಡಿಕೆಯಿರಲಿ. ಮನೆಯಲ್ಲಿ ಅಂಥವರಿದ್ದರೆ, ಗಾಲಿ ತಳ್ಳಿ ದಣಿಯುವ ಭುಜಗಳಿಗೆ ನೋವಿಲ್ಲದ ದಿನಗಳಲ್ಲಿ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ ಹಿತಕರ. ನೋವಿದ್ದರೆ ವೈದ್ಯರಿಗೆ ತೋರಿಸಬೇಕು.

ಸೊರಗಿದ ಕಾಲನ್ನು ವೈದ್ಯನು ಸರಿಪಡಿಸಲಾರ. ಮೆಟ್ಟಿಲನ್ನು ಸರಿಪಡಿಸಲು ಒಬ್ಬ ಗಾರೆ ಕೆಲಸದವನು ಸಾಕು. ಮನೆ ಕಟ್ಟಿಸುವವರು, ಸಭಾಭವನಕ್ಕೆ ದಾನ ನೀಡುವವರು ಇದನ್ನು ಮೊದಲೇ ನಕ್ಷೆಯಲ್ಲಿ ಬರೆಸಿದರೆ, ಅನೇಕರ ಮನಃಪ್ರಸನ್ನತೆಗೆ ಅದುವೇ ಔಷಧವಾಗುತ್ತದೆ.